ಇಡಿಯಾಗಿ ಮರಳಿದ ಮೊರ

ಅತ್ತಿಕೊಪ್ಪ ಎಂಬ ಊರಿನಲ್ಲಿ ಚೆನ್ನಾಜಿ ಎಂಬ ಹೆಂಗಸಿದ್ದಳು. ಕೆಲಸದಲ್ಲಿ ಚುರುಕು, ಮಾತಿನಲ್ಲಿ ಇನ್ನೂ ಚುರುಕು, ನಡಿಗೆಯಲ್ಲಂತೂ ಅವಳನ್ನು ಮೀರಿಸುವವರೇ ಇರಲಿಲ್ಲ. ಎಲ್ಲರೊಡನೆ ಸಂತೆಗೆ ಹೊರಟರೆ, ಅವಳು ವ್ಯಾಪಾರ ಮುಗಿಸಿ ವಾಪಸು ಬರುವಾಗ ಉಳಿದವರು ಇನ್ನೂ ಹೋಗುತ್ತಾ ಎದುರಿಗೆ ಸಿಗುತ್ತಿದ್ದರು. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವಳು ಎಂದು ಊರವರು ನಗುತ್ತಿದ್ದರು. ಆ ನಗುವಿನಲ್ಲಿ ಮೆಚ್ಚುಗೆಯೂ ಇತ್ತು. ಮೆಚ್ಚುಗೆ ಯಾರಿಗೆ ಬೇಡ? ಚೆನ್ನಾಜಿಗೆ ಅದು ಸ್ವಲ್ಪ ಹೆಚ್ಚೇ ಬೇಕಿತ್ತು.

ಊರ ಪಕ್ಕದಲ್ಲಿ ಹೊಂಗೆಹೊಳೆ ಹರಿಯುತ್ತಿತ್ತು. ದಡದುದ್ದಕ್ಕೂ ಹೊಂಗೆಮರಗಳಿದ್ದುದರಿಂದ ಆ ಹೆಸರು. ದಡದ ಕಾಲುದಾರಿ ಹಿಡಿದು ಹೊಳೆಗೆ ಎದುರಾಗಿ ಮೇಲಕ್ಕೆ ನಡೆಯುತ್ತಾ ಹೋದರೆ ಕೊನೆಗೆ ಹಾಲಬ್ಬಿ ಸಿಗುತ್ತದೆ. ಹಾಲಬ್ಬಿ ಎಂದರೆ ಜಲಪಾತ. ಗುಡ್ಡದ ನೆತ್ತಿಯಿಂದ ಹೊಳೆ ಒಂದೇ ನೆಗೆತಕ್ಕೆ ಕೆಳಗಿನ ಮಡುವಿಗೆ ಬೀಳುತ್ತದೆ. ಬೀಳುವ ನೀರೆಲ್ಲ ನೊರೆಹಾಲಿನ ಹಾಗೆ ಬೆಳ್ಳಗೆ ಕಾಣುವುದರಿಂದ ಹಿರಿಯರು ಹಾಗೆ ಕರೆದಿದ್ದರು.

ಮಳೆಗಾಲ ಕಳೆದು ಹೊಳೆಯ ಕೆಂಪು ನೀರು ತಿಳಿಯಾದ ಮೇಲೆ ಬರುವ ಮೊದಲ ಶುಕ್ರವಾರ ಅತ್ತಿಕೊಪ್ಪದ ಹೆಂಗಸರು ಹಾಲಬ್ಬಿಗೆ ಬಾಗಿನ ಒಯ್ಯುವುದು ಪದ್ಧತಿ. ಬಿದಿರಿನ ಮೊರದಲ್ಲಿ ಅಕ್ಕಿ, ಬೇಳೆ, ಬೆಲ್ಲ, ಅರಿಸಿನ ಕುಂಕುಮ, ಬಳೆ, ರವಿಕೆ ಕಣ ಇಟ್ಟು, ಮೇಲೊಂದು ಮೊರ ಮುಚ್ಚಿ ಬಿಗಿದು ಕಟ್ಟುತ್ತಾರೆ. ಮಡುವಿನ ಅಂಚಿನ ಬಂಡೆಯ ಮೇಲೆ ನಿಂತು ಅದನ್ನು ನೀರಿಗೆ ಬಿಡುತ್ತಾರೆ. ಮಡುವಿನ ಸುಳಿ ಅದನ್ನು ಮೆಲ್ಲಗೆ ಎಳೆದುಕೊಂಡು ಹೋಗಿ ಬೀಳುವ ನೀರಿನ ಕೆಳಗೆ ಸೇರಿಸುತ್ತದೆ. ಅಲ್ಲಿಗೆ ಮೊರದ ಕಥೆ ಮುಗಿಯಿತು. ಆಮೇಲೆ ಊರಿನ ತನಕ ತೇಲಿಬರುವುದು ಬಿದಿರಿನ ಸೀಳು ಮಾತ್ರ.

ಆ ಸೀಳಿಗೂ ಒಂದು ಪದ್ಧತಿ ಇತ್ತು. ಅಷ್ಟು ದೂರ ನಡೆಯಲಾರದ ಮುದುಕಿಯರು, ಮೈ ಸರಿಯಿಲ್ಲದವರು ತಮ್ಮ ಬಾಗಿನವನ್ನು ಗಟ್ಟಿ ಕಾಲಿನವರ ಕೈಯಲ್ಲಿ ಕೊಟ್ಟು ಕಳಿಸುತ್ತಿದ್ದರು. ಸಂಜೆ ಊರಿನ ಹೊಳೆಮೆಟ್ಟಿಲ ಮೇಲೆ ಕೂತು ಕಾಯುತ್ತಿದ್ದರು. ನೀರಿನಲ್ಲಿ ಸೀಳು ಕಂಡರೆ ಎತ್ತಿ ಕಣ್ಣಿಗೊತ್ತಿಕೊಂಡು, ಹೊಳೆ ಒಪ್ಪಿಕೊಂಡಳು ಎನ್ನುತ್ತಿದ್ದರು. ಒಂದು ವೇಳೆ ಮೊರ ಇಡಿಯಾಗಿಯೇ ವಾಪಸು ಬಂದರೆ ಕೊಟ್ಟವರ ಕೈಯಲ್ಲಿ ದೋಷವಿದೆ, ಹೊಳೆ ಬೇಡವೆಂದು ತಳ್ಳಿದ್ದಾಳೆ ಎಂದರ್ಥ. ಹಾಗೆ ಬಂದದ್ದನ್ನು ಮಾತ್ರ ಊರಲ್ಲಿ ಯಾರೂ ಕಂಡಿರಲಿಲ್ಲ.

ಇನ್ನೊಂದು ಸಂಗತಿಯನ್ನೂ ಹೇಳಿಬಿಡಬೇಕು. ಹಾಲಬ್ಬಿಯನ್ನು ಎಲ್ಲರಿಗಿಂತ ಮೊದಲು ಮುಟ್ಟಿದವಳ ಮುಖಕ್ಕೆ ಉಳಿದವರೆಲ್ಲ ಅರಿಸಿನ ಬಳಿಯುತ್ತಿದ್ದರು. ಮುಂದಿನ ವರ್ಷದ ತನಕ ಅವಳೇ ಊರಿನ ಹೊಳೆಮಗಳು. ಮದುವೆಯಿರಲಿ, ಸೀಮಂತವಿರಲಿ, ಮೊದಲ ಆರತಿ ಅವಳ ಕೈಯಲ್ಲೇ ಆಗಬೇಕು. ಚೆನ್ನಾಜಿ ಸೊಸೆಯಾಗಿ ಬಂದ ಲಾಗಾಯ್ತು ಆ ಹೆಸರು ಅವಳ ಮನೆ ಬಿಟ್ಟು ಹೋಗಿರಲಿಲ್ಲ.

ಆ ವರ್ಷ ಪಕ್ಕದ ಮನೆಯ ದೇವೀರಮ್ಮ ಹಿಂದಿನ ಸಂಜೆಯೇ ಕೋಲೂರಿಕೊಂಡು ಚೆನ್ನಾಜಿಯ ಮನೆಗೆ ಬಂದಳು. ಅವಳಿಗೆ ಸೊಂಟ ಹಿಡಿದು ಬಹಳ ದಿನವಾಗಿತ್ತು. ಕೈಯಲ್ಲಿ ಮೊರದ ಬಾಗಿನ. ಅದಕ್ಕೆ ಬಿಗಿದಿದ್ದುದು ದಾರವಲ್ಲ, ಮಗಳ ಧಾರೆಸೀರೆಯಿಂದ ಹರಿದ ಕೆಂಪು ಅಂಚು. ಮಗಳು ಪುಟ್ಟತಾಯಿಯನ್ನು ಕಂಚನಹಳ್ಳಿಗೆ ಕೊಟ್ಟಿತ್ತು. ಹಿಂದೆ ಬಸಿರು ನಿಂತರೂ ಕೂಸು ಕೈಗೆ ಹತ್ತಿರಲಿಲ್ಲ. ಈಗ ಮತ್ತೆ ದಿನ ತುಂಬಿತ್ತು. ಗಾಡಿಯಲ್ಲಿ ಕುಲುಕಿಸಿ ತವರಿಗೆ ಕರೆತರಬೇಡಿ ಎಂದು ಸೂಲಗಿತ್ತಿ ಹೇಳಿದ್ದರಿಂದ ತಾಯಿಯೇ ಅಲ್ಲಿಗೆ ಹೋಗುವುದೆಂದು ಮಾತಾಗಿತ್ತು. ಶನಿವಾರ ಬೆಳಗ್ಗೆ ಅಳಿಯ ಗಾಡಿ ಕಳಿಸುವವನಿದ್ದ. ಅದಕ್ಕೆ ಮೊದಲು ಹೊಳೆಗೆ ಬಾಗಿನ ಸೇರಿಬಿಟ್ಟರೆ ಧೈರ್ಯ ಎಂದು ಮುದುಕಿಯ ಆಸೆ.

"ನನ್ ಸೊಂಟ ನೆಟ್ಟಗಿದ್ದಿದ್ರೆ ನಾನೇ ಹೋಯ್ತಿದ್ದೆ ಕಣವ್ವ. ಅಬ್ಬಿಗೇ ಬುಡು. ನಡುದಾರೀಲಿ ಎಲ್ಲೂ ಬುಡಬ್ಯಾಡ" ಅಂದಳು.

ನನ್ನ ಕಾಲಿನ ಮೇಲೆ ನಂಬಿಕೆ ಇಲ್ಲವಾ ದೊಡ್ಡವ್ವ ಎಂದು ಚೆನ್ನಾಜಿ ನಕ್ಕಳು.

"ಕಾಲ್ನ ಊರೆಲ್ಲ ನಂಬ್ತದೆ. ನಾನು ನಿನ್ನ ನಂಬಿ ಕೊಡ್ತಿದೀನಿ."

ಮರುದಿನ ಇಬ್ಬನಿ ಆರುವ ಮೊದಲೇ ಹೆಂಗಸರೆಲ್ಲ ಹೊರಟರು. ಚೆನ್ನಾಜಿ ತನ್ನ ಬಾಗಿನವನ್ನು ಬಟ್ಟೆಯಲ್ಲಿ ಸುತ್ತಿ ಬೆನ್ನಿಗೆ ಕಟ್ಟಿದ್ದಳು. ದೇವೀರಮ್ಮನದು ತಲೆಯ ಮೇಲೆ, ಹಿಡಿದುಕೊಳ್ಳಲು ಒಂದು ಕೈ. ದಾರಿಯ ಚೆಂದವನ್ನು ಏನು ಹೇಳುವುದು. ಒಂದು ಪಕ್ಕ ಹುಚ್ಚೆಳ್ಳಿನ ಹೊಲ ಹಳದಿ ಹೂ ಬಿಟ್ಟು ನಿಂತಿತ್ತು, ಇನ್ನೊಂದು ಪಕ್ಕ ಹೊಳೆ. ನೀರು ಎಷ್ಟು ತಿಳಿಯೆಂದರೆ ತಳದ ಕಲ್ಲು, ಕಲ್ಲಿನ ಮೇಲೆ ಮೀನಿನ ನೆರಳು ಎಲ್ಲ ಕಾಣುತ್ತಿತ್ತು. ಮಿಂಚುಳ್ಳಿಯೊಂದು ಇವರ ಮುಂದೆ ಮುಂದೆ ಹಾರಿ ಕೊಂಬೆಯಿಂದ ಕೊಂಬೆಗೆ ಕೂರುತ್ತಿತ್ತು. ಹೆಂಗಸರು ಸೋಬಾನೆ ಹಾಡುತ್ತಾ, ಗಂಡಂದಿರನ್ನು ಆಡಿಕೊಳ್ಳುತ್ತಾ ನಿಧಾನವಾಗಿ ನಡೆದರು. ಚೆನ್ನಾಜಿ ಮಾತ್ರ ಯಾವುದನ್ನೂ ನೋಡಲಿಲ್ಲ. ಅವಳ ಕಣ್ಣೆಲ್ಲ ಮುಂದೆ ಹೋಗುತ್ತಿದ್ದ ಒಂದು ಹಸಿರು ಸೀರೆಯ ಮೇಲಿತ್ತು.

ಹಸಿರು ಸೀರೆಯವಳು ಶಿವನಂಜಿ, ಆ ವರ್ಷವೇ ಊರಿಗೆ ಸೊಸೆಯಾಗಿ ಬಂದವಳು. ಹದಿಹರೆಯ ದಾಟಿದ ಹುಡುಗಿ, ಹಗುರ ಮೈ. ಪಂದ್ಯದ ಯೋಚನೆಯೂ ಅವಳಿಗೆ ಇದ್ದಂತಿರಲಿಲ್ಲ, ಸುಮ್ಮನೆ ಕುಣಿದುಕೊಂಡು ಹೋಗುತ್ತಿದ್ದಳು. ಆದರೂ ಅವಳೇ ಮುಂದೆ. ಹಿಂದಿನಿಂದ ಕೆಂಪಮ್ಮ, ಈ ಸಲ ಹೊಳೆಮಗಳು ಮನೆ ಬದಲಾಯಿಸುತ್ತಾಳೆ ಎಂದು ಕೂಗಿದಳು. ಕೆಂಪಮ್ಮನ ಬಾಯಿ ಊರಿಗೇ ಗೊತ್ತು, ಅವಳು ಕೂಗಿದ್ದು ಹಾಸ್ಯಕ್ಕೆ. ಚೆನ್ನಾಜಿಗೆ ಅದು ಮುಳ್ಳು ತುಳಿದ ಹಾಗಾಯಿತು.

ನಡುದಾರಿಯಲ್ಲಿ ಕೂಡುಗಲ್ಲು ಎಂಬ ಜಾಗವಿದೆ. ಅಲ್ಲಿ ದೊಡ್ಡ ಬಂಡೆಗಳು ಕೂಡಿ ದಾರಿಯನ್ನು ತಡೆದಿವೆ. ಕಾಲುದಾರಿ ಬಂಡೆಗಳನ್ನು ಬಳಸಿಕೊಂಡು ಸುತ್ತಿ ಹೋಗುತ್ತದೆ. ನೇರವಾಗಿ ಬಂಡೆ ಹತ್ತಿದರೆ ಬೇಗ, ಆದರೆ ಅದಕ್ಕೆ ಎರಡೂ ಕೈ ಬೇಕು. ಪ್ರತಿ ವರ್ಷ ಚೆನ್ನಾಜಿ ಗೆಲ್ಲುತ್ತಿದ್ದುದು ಆ ಬಂಡೆಯ ಮೇಲೆಯೇ. ಈಗ ಶಿವನಂಜಿ ಸುತ್ತುದಾರಿಯಲ್ಲಿ ಮರೆಯಾಗಿದ್ದಳು. ಉಳಿದವರು ತಿರುವಿನ ಆಚೆ ಇನ್ನೂ ಹಿಂದಿದ್ದರು. ಚೆನ್ನಾಜಿ ಬಂಡೆಯ ಬುಡದಲ್ಲಿ ನಿಂತಳು. ಒಂದು ಕೈ ತಲೆಯ ಮೇಲಿನ ಮೊರಕ್ಕೆ ಕಟ್ಟುಬಿದ್ದಿತ್ತು.

ಮನುಷ್ಯ ತಪ್ಪು ಮಾಡಲು ಹೊರಟಾಗ ಬುದ್ಧಿ ಎಷ್ಟು ಚೆನ್ನಾಗಿ ಓಡುತ್ತದೆ ನೋಡಿ. ಇದೂ ಅದೇ ಹೊಳೆ, ಅಲ್ಲಿರುವುದೂ ಇದೇ ನೀರು ಎಂದು ಅವಳ ಬುದ್ಧಿ ಹೇಳಿತು. ಇಲ್ಲಿ ಬಿಟ್ಟರೂ ಹೊಳೆಗೇ, ಅಲ್ಲಿ ಬಿಟ್ಟರೂ ಹೊಳೆಗೇ. ಕಲ್ಲುಗಳ ಸಂದಿನಲ್ಲಿ ಸಿಕ್ಕಿ ಇದು ಹೇಗೂ ಚೂರಾಗುತ್ತದೆ. ತನ್ನ ಬಾಗಿನವನ್ನೇ ಇಲ್ಲಿ ಬಿಡುವ ಯೋಚನೆ ಮಾತ್ರ ಆ ಬುದ್ಧಿಗೆ ಹೊಳೆಯಲಿಲ್ಲ. ಚೆನ್ನಾಜಿ ದಡಕ್ಕಿಳಿದು ದೇವೀರಮ್ಮನ ಮೊರವನ್ನು ನೀರಿಗೆ ಬಿಟ್ಟಳು. ಕೈ ಮುಗಿಯಲೂ ಇಲ್ಲ. ಎರಡೂ ಕೈ ಊರಿ ಸರಸರ ಬಂಡೆ ಹತ್ತಿದಳು.

ಹಾಲಬ್ಬಿಗೆ ಅವಳೇ ಮೊದಲು. ಒಬ್ಬಳೇ ಬಂಡೆಯ ಮೇಲೆ ನಿಂತು ತನ್ನ ಬಾಗಿನ ಬಿಟ್ಟು, ಅದು ಸುಳಿಯಲ್ಲಿ ಹೋಗಿ ಬೀಳುವ ನೀರಿನಡಿ ಸೇರುವುದನ್ನು ಕಣ್ತುಂಬ ನೋಡಿದಳು. ಅಷ್ಟರಲ್ಲಿ ಶಿವನಂಜಿ ಬಂದಳು. ಒಬ್ಬೊಬ್ಬರಾಗಿ ಉಳಿದವರೂ ಬಂದರು. ದೇವೀರಮ್ಮನದೂ ಬಿಟ್ಟೆಯಾ ಎಂದು ಯಾರೋ ಕೇಳಿದರು. ಹೂಂ, ಎರಡೂ ಬಿಟ್ಟೆ ಎಂದಳು. ಎರಡೂ ಬಿಟ್ಟದ್ದು ನಿಜವೇ ತಾನೇ! ಸುಳ್ಳಾಡಲಿಲ್ಲ ಎಂದು ತನಗೆ ತಾನೇ ಸಮಾಧಾನವನ್ನೂ ಹೇಳಿಕೊಂಡಳು. ಹೆಂಗಸರು ಸುತ್ತುವರಿದು ಅವಳ ಕೆನ್ನೆ, ಹಣೆ, ಕುತ್ತಿಗೆಗೆಲ್ಲ ಅರಿಸಿನ ಬಳಿದರು. ಎಲ್ಲರಿಗಿಂತ ಹೆಚ್ಚು ಬಳಿದವಳು ಶಿವನಂಜಿ. ನಿಮ್ಮ ಹಾಗೆ ನಡೆಯುವುದನ್ನು ನನಗೂ ಕಲಿಸಿ ಅಕ್ಕ ಎಂದಳು.

ಬುತ್ತಿ ಉಂಡು, ಮಡುವಿನ ನೀರು ಕುಡಿದು, ಹೆಂಗಸರು ಹಿಂದಿರುಗಿದಾಗ ಹೊತ್ತು ಇಳಿದಿತ್ತು. ಹಾಡುತ್ತಾ ಬಂದವರು ಹೊಳೆಮೆಟ್ಟಿಲ ಹತ್ತಿರ ಹಾಡು ನಿಲ್ಲಿಸಿದರು. ಕಾಯುತ್ತಾ ಕೂತಿದ್ದ ಮುದುಕಿಯರಲ್ಲಿ ಒಬ್ಬರೂ ತಲೆಯೆತ್ತಲಿಲ್ಲ. ನಡುವೆ ದೇವೀರಮ್ಮ ಕೂತಿದ್ದಳು. ಅವಳ ಮಡಿಲಲ್ಲಿ ಅವಳ ಮೊರವಿತ್ತು. ಒಂದು ಸೀಳೂ ಮುರಿದಿರಲಿಲ್ಲ. ಕೆಂಪು ಅಂಚಿನ ಗಂಟು ಕಟ್ಟಿದ ಹಾಗೆಯೇ ಇತ್ತು. ನೀರು ಸೋರಿ ಅವಳ ಸೀರೆಯೆಲ್ಲ ಒದ್ದೆಯಾಗಿತ್ತು.

ಈಗ ಬೈಗುಳ ಬೀಳುತ್ತದೆ ಎಂದು ಚೆನ್ನಾಜಿ ಅಂದುಕೊಂಡಳು. ಬೈದಿದ್ದರೆ ಒಳ್ಳೆಯದಿತ್ತು. ದೇವೀರಮ್ಮ ಅವಳ ಕಡೆ ನೋಡಿದ ನೋಟದಲ್ಲಿ ಅನುಮಾನದ ಸುಳಿವೇ ಇರಲಿಲ್ಲ. ಬರೀ ಹೆದರಿಕೆ ಇತ್ತು.

"ನೀನು ಬುಟ್ಟಾಗ ಹೊಳೆ ಎಳ್ಕೊಳ್ಲಿಲ್ವಾ ಮಗ? ಏನಾರ ಕಂಡ್ಯಾ?" ಎಂದು ಕೇಳಿದಳು.

ನಿಜ ಹೇಳುವ ಹೊತ್ತು ಅದೇ ಆಗಿತ್ತು. ಒಂದು ಮಾತು ಸಾಕಿತ್ತು. ಆದರೆ ಸುತ್ತ ಊರಿನ ಹೆಂಗಸರೆಲ್ಲ ನಿಂತಿದ್ದರು, ಮುಖದ ಮೇಲೆ ಅವರೇ ಬಳಿದ ಅರಿಸಿನ ಇನ್ನೂ ಆರಿರಲಿಲ್ಲ.

"ಬುಟ್ಟೆ ದೊಡ್ಡವ್ವ. ತೇಲ್ಕೊಂಡು ಹೋಯ್ತು. ಆಮೇಲಿಂದು ನಾ ನೋಡ್ಲಿಲ್ಲ."

ಈ ಮಾತಿನಲ್ಲಿಯೂ ಸುಳ್ಳು ಇರಲಿಲ್ಲ. ಸುಳ್ಳಿಲ್ಲದ ಮಾತಿನಿಂದಲೂ ಒಬ್ಬರ ಕತ್ತು ಕೊಯ್ಯಬಹುದು ಎಂಬುದು ಚೆನ್ನಾಜಿಗೆ ಅಂದು ಗೊತ್ತಾಯಿತು. ದೇವೀರಮ್ಮ ಸ್ವಲ್ಪ ಹೊತ್ತು ಮೊರದ ಮೇಲೆ ಕೈಯಾಡಿಸಿದಳು. ಹಾಗಾದರೆ ತಪ್ಪು ನನ್ನದೇ ಎಂದಳು. ಆಮೇಲೆ ಆ ತಪ್ಪು ಯಾವುದೆಂದು ಎಲ್ಲರೆದುರಿಗೆ ಹುಡುಕತೊಡಗಿದಳು. ಮಡಿಯಲ್ಲಿ ಕಟ್ಟಿದ್ದೆ, ಅಕ್ಕಿ ಆರಿಸಿದ್ದೆ, ಬಳೆ ಒಡೆದಿರಲಿಲ್ಲ ಎಂದು ಒಂದೊಂದನ್ನೇ ನೆನೆಸಿಕೊಂಡಳು. ಕೊನೆಗೆ ಅವಳ ಕೈ ನಿಂತಿತು.

"ನಮ್ ನಾದಿನಿ ಬಾಣಂತನಕ್ಕೆ ಬಂದಿದ್ಲು. ತುಪ್ಪ ಮುಗ್ದೋಗದೆ ಅಂತ ಹೇಳಿ ಬರೀ ಸಾರನ್ನ ಇಕ್ದೆ. ಗಡಿಗೆ ತುಂಬ ತುಪ್ಪ ಅಟ್ಟದ ಮ್ಯಾಲೆ ಇತ್ತು. ನನ್ ಗಂಡಂಗೂ ಹೇಳಿರ್ಲಿಲ್ಲ" ಎಂದಳು.

ಅವಳ ನಾದಿನಿ ತೀರಿಹೋಗಿ ಎಷ್ಟೋ ಕಾಲವಾಗಿತ್ತು. ಯಾರಿಗೂ ಗೊತ್ತಿಲ್ಲದ ಮಾತು ಅದು. ಒಂದು ಆಯುಷ್ಯ ಪೂರ್ತಿ ಎದೆಯಲ್ಲಿ ಮುಚ್ಚಿಟ್ಟುಕೊಂಡ ಮಾತನ್ನು ಮುದುಕಿ ಮೆಟ್ಟಿಲ ಮೇಲೆ ಹರವಿಬಿಟ್ಟಳು. ಹೆಂಗಸರು ಮುಖ ಮುಖ ನೋಡಿಕೊಂಡರು. ಬಾಣಂತಿಯ ಹೊಟ್ಟೆ ಉರಿಸಿದರೆ ಹೊಳೆ ಸುಮ್ಮನಿದ್ದಾಳೆಯೇ ಎಂದು ಕೆಂಪಮ್ಮ ಅಂದೇಬಿಟ್ಟಳು. ಯಾರೂ ಅವಳ ಬಾಯಿ ಮುಚ್ಚಿಸಲಿಲ್ಲ. ಒಬ್ಬಿಬ್ಬರು ತಲೆಯನ್ನೂ ಆಡಿಸಿದರು.

"ನಾಳೆ ಗಾಡಿ ಬಂದ್ರೆ ಬರಿದೇ ಕಳ್ಸಿಬುಡಿ. ಹೊಳೆ ಬ್ಯಾಡ ಅಂದ ಕೈನ ನನ್ ಮಗಳ ಮೈಮ್ಯಾಲೆ ಹೆಂಗಿಡ್ಲಿ?" ಎಂದಳು ದೇವೀರಮ್ಮ.

ಮೊರವನ್ನು ಮನೆಗೆ ಒಯ್ಯಲು ಹೆದರಿ ಅಲ್ಲಿಯೇ ಹೊಂಗೆಮರದ ಬುಡದಲ್ಲಿಟ್ಟು, ಕೋಲೂರಿಕೊಂಡು ಹೋದಳು. ಎಲ್ಲರೂ ಅವಳಿಗೆ ದಾರಿ ಬಿಟ್ಟರು. ಮೈ ತಾಗದ ಹಾಗೆ ಸೀರೆ ಎಳೆದುಕೊಂಡವರೂ ಇದ್ದರು. ಚೆನ್ನಾಜಿ ಇದನ್ನೆಲ್ಲ ಕೈಕಟ್ಟಿಕೊಂಡು ನೋಡಿದಳು.

ಮನೆಗೆ ಬಂದವಳೇ ಮುಖ ತೊಳೆದಳು. ಸೀಗೆಪುಡಿ ಹಾಕಿ ತೊಳೆದಳು, ಕಡಲೆಹಿಟ್ಟು ಹಾಕಿ ತೊಳೆದಳು. ಚರ್ಮ ಉರಿಯಿತೇ ಹೊರತು ಹಳದಿ ಹೋಗಲಿಲ್ಲ. ಗಂಡ ಮಾದಯ್ಯ ಕಂಡು, ಈ ಸಲವೂ ನೀನೇನಾ ಎಂದು ಹಿಗ್ಗಿ ಹೊರಗೆ ನಾಲ್ಕು ಜನರಿಗೆ ಹೇಳಲು ಹೋದ. ಪಕ್ಕದ ಮನೆಯಲ್ಲಿ ಒಲೆ ಹತ್ತಿರಲಿಲ್ಲ. ಅಲ್ಲಿಂದ ಅಳುವಿನ ಸದ್ದಾದರೂ ಬಂದೀತೆಂದು ಕಿವಿಗೊಟ್ಟಳು. ಅದೂ ಬರಲಿಲ್ಲ.

ತಪ್ಪಿಸಿಕೊಳ್ಳುವ ದಾರಿಗಳನ್ನೆಲ್ಲ ಅವಳು ಹುಡುಕಿ ನೋಡಿದಳು. ಮುದುಕಿಯನ್ನು ಗುಟ್ಟಾಗಿ ಕಂಡು ಕಿವಿಯಲ್ಲಿ ಹೇಳಿಬಿಡಲೇ ಎಂದುಕೊಂಡಳು. ಆದರೆ ತುಪ್ಪದ ಮಾತು ಗುಟ್ಟಾಗಿ ಆಡಿದ್ದಲ್ಲವಲ್ಲ. ಊರಿನ ಮುಂದೆ ಬಿದ್ದ ಮಸಿಯನ್ನು ಕತ್ತಲೆಮನೆಯಲ್ಲಿ ಒರೆಸಿದರೆ ಯಾರಿಗೆ ಕಾಣುತ್ತದೆ? ಅದೆಲ್ಲ ಮೂಢನಂಬಿಕೆ, ಹೊಳೆಗೇನು ಗೊತ್ತು ಎಂದು ಮುದುಕಿಗೆ ಬುದ್ಧಿ ಹೇಳಲೇ ಎಂದುಕೊಂಡಳು. ಹಾಗೆ ಅಂದುಕೊಂಡದ್ದಕ್ಕೆ ಅವಳಿಗೇ ಹೇಸಿಗೆಯಾಯಿತು. ಅರಿಸಿನ ಬಳಿಸಿಕೊಳ್ಳುವಾಗ ಆ ನಂಬಿಕೆ ಬೇಕಿತ್ತು, ಈಗ ಬೇಡವಾಯಿತೇ? ಕಂಚನಹಳ್ಳಿಯಲ್ಲಿ ಪುಟ್ಟತಾಯಿ ಅವ್ವ ಬಂದಾಳೆಂದು ಬಾಗಿಲು ನೋಡುತ್ತಿರುತ್ತಾಳೆ. ಬರಿಯ ಗಾಡಿ ಹೋಗಿ ನಿಂತರೆ ಅವಳು ಏನೆಂದುಕೊಳ್ಳಬೇಕು? ಆ ಯೋಚನೆ ಬಂದ ಮೇಲೆ ಚೆನ್ನಾಜಿಗೆ ರೆಪ್ಪೆ ಮುಚ್ಚಲು ಆಗಲಿಲ್ಲ.

ಬೆಳಗ್ಗೆ ಹೆಂಗಸರೆಲ್ಲ ನೀರಿಗೆಂದು ಹೊಳೆಮೆಟ್ಟಿಲಿಗೆ ಬಂದಿದ್ದರು. ಮಾತೆಲ್ಲ ತುಪ್ಪದ್ದೇ. ರಾತ್ರಿ ಕಳೆಯುವುದರಲ್ಲಿ ತುಪ್ಪದ ಗಡಿಗೆ ದೊಡ್ಡದಾಗಿತ್ತು, ನಾದಿನಿ ಉಪವಾಸವಿದ್ದು ಅತ್ತದ್ದನ್ನು ಕಣ್ಣಾರೆ ಕಂಡವರೂ ಹುಟ್ಟಿಕೊಂಡಿದ್ದರು. ಕಂಚನಹಳ್ಳಿಯ ಗಾಡಿ ಬಂದು ದೇವೀರಮ್ಮನ ಬಾಗಿಲಲ್ಲಿ ನಿಂತಿತ್ತು. ಗಾಡಿಯವನು ಬನ್ನಿ ಎನ್ನುವುದು, ಮುದುಕಿ ತಲೆಯಾಡಿಸುವುದು ಮೆಟ್ಟಿಲಿನಿಂದಲೇ ಕಾಣುತ್ತಿತ್ತು.

ಚೆನ್ನಾಜಿ ಹೋಗಿ ದೇವೀರಮ್ಮನ ಕೈ ಹಿಡಿದುಕೊಂಡಳು. ಕಾರಣ ಹೇಳದೆ ಅವಳನ್ನು ನಡೆಸಿಕೊಂಡು ಮೆಟ್ಟಿಲಿಗೆ ಕರೆತಂದಳು. ಮರದ ಬುಡದ ಮೊರವನ್ನು ಎತ್ತಿ ಎಲ್ಲರೂ ಕಾಣುವ ಹಾಗೆ ನಡುವೆ ಇಟ್ಟಳು. ಸಂತೆಯ ದಾರಿಯಲ್ಲಿ ಊರನ್ನೇ ನಗಿಸುತ್ತಿದ್ದವಳಿಗೆ ಅಂದು ಮಾತು ಹೊರಡಿಸುವುದು ಕೂಡುಗಲ್ಲು ಹತ್ತುವುದಕ್ಕಿಂತ ಕಷ್ಟವಾಯಿತು.

"ಹೊಳೆ ಬ್ಯಾಡ ಅನ್ಲಿಲ್ಲ. ಅಬ್ಬಿಗೆ ನಾನು ಮುಟ್ಟಿಸ್ಲೇ ಇಲ್ಲ. ಕೂಡುಗಲ್ಲಲ್ಲೇ ನೀರಿಗೆ ಬುಟ್ಬುಟ್ಟೆ. ಶಿವನಂಜಿಗಿಂತ ಮುಂದೆ ಹೋಗ್ಬೇಕಿತ್ತು ನಂಗೆ. ದೋಸ ದೊಡ್ಡವ್ವನ ಕೈಲಿಲ್ಲ. ನನ್ ಕೈಲದೆ."

ಶಿವನಂಜಿ ತನ್ನ ಅಂಗೈ ನೋಡಿಕೊಂಡಳು, ನಿನ್ನೆ ಅರಿಸಿನ ಬಳಿದ ಕೈ ಇನ್ನೂ ಹಳದಿಯಾಗಿಯೇ ಇತ್ತು. ಕೆಂಪಮ್ಮ ಸೊಂಟದ ಮೇಲಿದ್ದ ಕೊಡವನ್ನು ಕೆಳಗಿಟ್ಟು ತಲೆ ತಗ್ಗಿಸಿದಳು. ಚೆನ್ನಾಜಿ ದೇವೀರಮ್ಮನ ಮುಖ ನೋಡಲಾರದೆ ಮೊರವನ್ನೇ ನೋಡುತ್ತಾ ನಿಂತಳು.

"ಹಂಗಾದ್ರೆ ಹೊಳೆ ನನ್ ಮಗಳ ಕೈ ಬುಟ್ಟಿಲ್ವಾ?" ಎಂದು ದೇವೀರಮ್ಮ ಕೇಳಿದಳು.

ಇಲ್ಲ ಎಂದು ಚೆನ್ನಾಜಿ ತಲೆಯಾಡಿಸಿದಳು. ಮುದುಕಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತಳು. ಹಿಂದಿನ ಸಂಜೆಯಿಂದ ಹಿಡಿದಿಟ್ಟ ಅಳು ಅದು. ನಿಜ ಹೇಳಿದರೆ ಬೈಗುಳ ಬೀಳುತ್ತದೆ ಎಂದು ಚೆನ್ನಾಜಿ ಹೆದರಿದ್ದಳು. ಆ ನಿಜದಿಂದ ಒಬ್ಬರಿಗೆ ಇಷ್ಟು ನೆಮ್ಮದಿಯಾಗುತ್ತದೆ ಎಂದು ಅವಳಿಗೆ ತೋಚಿಯೇ ಇರಲಿಲ್ಲ. ಇದನ್ನು ರಾತ್ರಿಯಿಡೀ ಕೊಡದೆ ಬಚ್ಚಿಟ್ಟುಕೊಂಡಿದ್ದೆನಲ್ಲ, ತುಪ್ಪ ಬಚ್ಚಿಟ್ಟದ್ದು ಇದಕ್ಕಿಂತ ದೊಡ್ಡದೇ ಎನ್ನಿಸಿ ನೆಲ ಬಾಯಿಬಿಟ್ಟು ನುಂಗಬಾರದೇ ಎಂದುಕೊಂಡಳು.

ಅತ್ತು ಮುಗಿಸಿ ದೇವೀರಮ್ಮ ಕಣ್ಣೊರೆಸಿಕೊಂಡಳು. ದನಿ ಏರಿಸಲಿಲ್ಲ.

"ಮೊರ ಬುಟ್ಟಿದ್ದು ಬುಡು ಮಗ. ಭಾರ ಆಯ್ತು, ಬುಟ್ಟೆ. ಆದ್ರೆ ನಿನ್ನೆ ಇಲ್ಲೇ ನಾನು ನನ್ ಪಾಪ ತಡಕಾಡ್ತಾ ಕೂತಿದ್ನಲ್ಲ, ನೀನು ನನ್ ಪಕ್ಕದಲ್ಲೇ ನಿಂತಿದ್ದೆ. ಅದನ್ನ ಹೆಂಗೆ ಹೊತ್ಕೊಂಡು ಮನೆಗೆ ಹೋದೆ?"

ಆ ಪ್ರಶ್ನೆಯನ್ನು ಚೆನ್ನಾಜಿ ಇಂದಿಗೂ ಹೊತ್ತುಕೊಂಡೇ ಇದ್ದಾಳೆ.

ದೇವೀರಮ್ಮ ಗಾಡಿಯ ಹತ್ತಿರ ಹೋದಳು. ಅವಳ ಗಂಟುಮೂಟೆ ಎತ್ತಿಟ್ಟವಳು, ಸೊಂಟಕ್ಕೆ ಕೈಕೊಟ್ಟು ಹತ್ತಿಸಿದವಳು ಕೆಂಪಮ್ಮ. ಹತ್ತಿಸುವಾಗ, ನನ್ನ ಬಾಯಿಗೆ ಬೆಂಕಿ ಬೀಳಲಿ ದೇವೀರಕ್ಕ ಎಂದು ಮೆಲ್ಲಗೆ ಅಂದಳು. ಗಾಡಿ ಹೊರಡುವ ಮೊದಲು ದೇವೀರಮ್ಮ ಕೈಚಾಚಿ ಮೊರ ಕೇಳಿದಳು. ಅದನ್ನೊಮ್ಮೆ ಕಣ್ಣಿಗೊತ್ತಿಕೊಂಡು ಚೆನ್ನಾಜಿಯ ಕೈಗೇ ಕೊಟ್ಟಳು. ಸುತ್ತ ಅಷ್ಟು ಹೆಂಗಸರಿದ್ದರು, ಬೇರೆ ಯಾರಿಗೂ ಕೊಡಲಿಲ್ಲ. ಅಬ್ಬಿಗೇ ಬಿಡು ಎಂದು ಈ ಸಲ ಹೇಳಲೂ ಇಲ್ಲ. ಆ ಹೇಳದೆ ಬಿಟ್ಟ ಮಾತು ಚೆನ್ನಾಜಿಗೆ ಹೊಡೆತಕ್ಕಿಂತ ಜೋರಾಗಿ ತಾಗಿತು.

ಅವಳು ಹಾಗೆಯೇ ಹೊರಟಳು, ಮನೆಗೂ ಹೋಗಲಿಲ್ಲ. ಅದೇ ದಾರಿ, ಅದೇ ಹುಚ್ಚೆಳ್ಳಿನ ಹೂ, ಅದೇ ತಿಳಿನೀರು. ಮೊದಲ ಬಾರಿಗೆ ಅವಳು ಆ ದಾರಿಯಲ್ಲಿ ನಿಧಾನವಾಗಿ ನಡೆದಳು. ಇಷ್ಟು ವರ್ಷ ಬಂದರೂ ಹೊಳೆಯ ನಡುವೆ ಒಂದು ನಡುಗಡ್ಡೆಯಿದೆ, ಅದರ ತುಂಬ ಬೆಳ್ಳಕ್ಕಿ ಕೂತಿರುತ್ತವೆ ಎಂಬುದು ಅವಳಿಗೆ ಗೊತ್ತಿರಲಿಲ್ಲ. ಚೆಂದ ಕಂಡಷ್ಟೂ ಮನಸ್ಸು ಕುಗ್ಗಿತು. ಇಲ್ಲಿ ನಡೆಯಬೇಕೆಂದು ಆಸೆಯಿದ್ದ ಮುದುಕಿಗೆ ಕಾಲಿಲ್ಲ, ಕಾಲಿದ್ದ ನನಗೆ ಕಣ್ಣಿರಲಿಲ್ಲ ಎಂದುಕೊಂಡಳು. ಕೂಡುಗಲ್ಲಿನ ಹತ್ತಿರ ಬಂಡೆಯನ್ನು ತಲೆಯೆತ್ತಿಯೂ ನೋಡದೆ ಸುತ್ತುದಾರಿ ಹಿಡಿದಳು. ಸುತ್ತುದಾರಿ ನೆರಳಿನಲ್ಲಿತ್ತು. ಏರೂ ಇರಲಿಲ್ಲ. ತಲೆಯ ಮೇಲೆ ಮೊರ ಹೊತ್ತವರು ಆರಾಮವಾಗಿ ನಡೆಯಬಹುದಾಗಿತ್ತು. ಸ್ವಲ್ಪ ತಡವಾಗುತ್ತಿತ್ತು, ಅಷ್ಟೇ.

ಹಾಲಬ್ಬಿಯ ಮುಂದೆ ಅವಳೊಬ್ಬಳೇ ನಿಂತಳು. ಹನಿ ಹಾರಿ ಮುಖ ಒದ್ದೆಯಾಯಿತು. ಕೈಮುಗಿದು, ಪುಟ್ಟತಾಯಿಯ ಹೆಸರು ಹೇಳಿ, ದೇವೀರಮ್ಮನ ಹೆಸರು ಹೇಳಿ ಮೊರವನ್ನು ನೀರಿಗೆ ಬಿಟ್ಟಳು. ತನ್ನ ಹೆಸರು ಹೇಳಿಕೊಳ್ಳಲು ನಾಚಿಕೆಯಾಯಿತು. ಸುಳಿ ಮೊರವನ್ನು ಒಂದು ಸುತ್ತು ತಿರುಗಿಸಿ ಬೀಳುವ ನೀರಿನ ಕೆಳಗೆ ಸೇರಿಸಿತು. ಕೆಂಪು ಅಂಚು ಒಮ್ಮೆ ಮೇಲೆ ಕಂಡು ಮುಳುಗಿತು. ಅರಿಸಿನ ಬಳಿಯುವವರು ಯಾರೂ ಬರಲಿಲ್ಲ. ಅವಳು ಬೊಗಸೆಯಲ್ಲಿ ನೀರು ತುಂಬಿ ಕಿವಿಯ ಹಿಂದೆ ಉಳಿದಿದ್ದ ಹಳದಿಯನ್ನು ತಿಕ್ಕಿ ತೊಳೆದಳು.

ಸಂಜೆ ಊರು ಮುಟ್ಟಿದಾಗ ಹೊಳೆಮೆಟ್ಟಿಲ ಮೇಲೆ ಹೆಂಗಸರು ಕೂತಿದ್ದರು. ಸೀಳು ಅವಳಿಗಿಂತ ಮೊದಲೇ ಬಂದು ಸೇರಿತ್ತು. ಅದಕ್ಕೆ ಸುತ್ತಿಕೊಂಡಿದ್ದ ಕೆಂಪು ಅಂಚಿನ ಎಳೆಯನ್ನು ಕೆಂಪಮ್ಮ ದೇವೀರಮ್ಮನಿಗೆಂದು ಎತ್ತಿಟ್ಟಿದ್ದಳು. ಚೆನ್ನಾಜಿಯನ್ನು ಯಾರೂ ಬೈಯಲಿಲ್ಲ, ಮಾತಾಡಿಸಲೂ ಇಲ್ಲ. ಶಿವನಂಜಿ ಮಾತ್ರ ಸ್ವಲ್ಪ ಸರಿದು ತನ್ನ ಪಕ್ಕದಲ್ಲಿ ಜಾಗ ಬಿಟ್ಟಳು. ಚೆನ್ನಾಜಿ ಅಲ್ಲಿ ಕೂರಲಾರದೆ ಎಲ್ಲರಿಗಿಂತ ಕೆಳಗಿನ ಮೆಟ್ಟಿಲಲ್ಲಿ, ನೀರಿಗೆ ಕಾಲಿಟ್ಟು ಕೂತಳು.

ಪುಟ್ಟತಾಯಿಗೆ ಹೆಣ್ಣುಮಗು ಹುಟ್ಟಿತು, ತಾಯಿ ಮಗು ಕ್ಷೇಮ ಎಂದು ಆ ವಾರದಲ್ಲೇ ಸುದ್ದಿ ಬಂತು. ಅದು ಹೊಳೆಯ ದಯೆಯೋ, ಸೂಲಗಿತ್ತಿಯ ಕೈಗುಣವೋ, ಪಕ್ಕದಲ್ಲಿ ಅವ್ವ ಇದ್ದ ಧೈರ್ಯವೋ, ನಾವು ಹೇಳುವ ಹಾಗಿಲ್ಲ. ಅವ್ವ ಪಕ್ಕದಲ್ಲಿದ್ದಳು ಎಂಬುದಷ್ಟೇ ನಮಗೆ ಗೊತ್ತು.

ಮುಂದಿನ ವರ್ಷದಿಂದ ಚೆನ್ನಾಜಿ ಹಾಲಬ್ಬಿಯ ದಾರಿಯಲ್ಲಿ ಎಲ್ಲರಿಗಿಂತ ಹಿಂದೆ ನಡೆಯತೊಡಗಿದಳು. ನಡೆಯಲಾರದ ಮುದುಕಿಯರು ಮೊದಮೊದಲು ಅನುಮಾನಿಸಿದರು, ಆಮೇಲೆ ಒಬ್ಬೊಬ್ಬರಾಗಿ ತಮ್ಮ ಮೊರಗಳನ್ನು ಅವಳ ಕೈಗೇ ಕೊಡತೊಡಗಿದರು. ಹೊಳೆಮಗಳ ಪಟ್ಟ ಶಿವನಂಜಿಯ ಮನೆಗೆ ಹೋಯಿತು. ಈಗಲೂ ಯಾರಾದರೂ ಹೊಸಬರು, ನಿನ್ನ ಕಾಲೇ ಕಾಲು ಚೆನ್ನಾಜಿ ಎಂದು ಹೊಗಳಿದರೆ ಅವಳ ಕೈ ತಾನಾಗಿ ಕೆನ್ನೆಗೆ ಹೋಗುತ್ತದೆ, ಅಲ್ಲಿ ಅರಿಸಿನ ಇನ್ನೂ ಉಳಿದಿದೆಯೋ ಎಂದು ನೋಡುವವಳ ಹಾಗೆ.

ನೀತಿ: ದಾರಿಯಲ್ಲಿ ಇಳಿಸಿದ ಹೊರೆಯನ್ನು ಮತ್ತೆ ಎತ್ತಿಕೊಂಡು ಹೋಗಿ ಮುಟ್ಟಿಸಬಹುದು. ಆದರೆ ನಮ್ಮ ತಪ್ಪಿಗೆ ಇನ್ನೊಬ್ಬರು ತಮ್ಮೊಳಗೆ ಪಾಪ ಹುಡುಕಿಕೊಳ್ಳುತ್ತಿರುವಾಗ ಬಾಯಿ ಮುಚ್ಚಿಕೊಂಡು ಪಕ್ಕದಲ್ಲಿ ನಿಲ್ಲುವುದು ಆ ತಪ್ಪಿಗಿಂತ ದೊಡ್ಡ ತಪ್ಪು. ನಾಚಿಕೆಯಾದಾಗ ಮುಖ ಮುಚ್ಚಿಕೊಳ್ಳಬೇಡಿ, ಬಾಯಿ ತೆರೆಯಿರಿ.